ಉಬ್ಬು

ಫೋನಿನಾಗ ಹೇಳಿದ್ದು ಇಷ್ಟ:
“ಮುಂಜಾನಿ ಆರಕ್ಕ ರೊಟ್ಟಿ ಉಬ್ಬವಲ್ಲವು.
ಒಂಬತ್ತಕ್ಕ ಉಬ್ಬತಾವ.”
ಗ್ಯಾಸಿನ ಫಿಟರ್‌ಗೆ ಹೇಳೂ ಮಾತೇನಿದು?
ಗಿರಣಿಯಾಂವಗ ಹೇಳ್ರಿ ಅನ್ನಾಂವಿದ್ದೆ.

ಹನುಮಾನ ನಗರದ ಏರು. ಡಿಸೆಂಬರಿನ ಮಂಜು.
ಹ್ಯಾಂಡಲ್ ಹಿಡದ ಬೆರಳು ನನ್ನವೋ ಅಲ್ಲೋ.
ಹಿಂದ ಮಕ್ತುಂ, ಉಡಿಯಾಗ ವ್ರೆಂಚಿನ ಚೀಲ
ಕೂಸಿನಂಗ.

ಗೇಟಿನ ಒಳಗ ಮೊದಲ ಕಂಡದ್ದು ಹೊಗಿ.
ಹೊಗಿಯಲ್ಲ, ಹಬೆ.
ನೀಲಿ ಟೈಲಿನ ಕೊಳ, ಹಬೆಯೊಳಗ ಒಂದು ತಲಿ:
ಪಾಟ್ನೇಕರ್ ಸಾಹೇಬ್ರು.
ಉದ್ಯಮಬಾಗದಾಗ ಕಬ್ಬಿಣ ಕರಗಸಾವ್ರು.
ಸೊಂಟದ ಆಪರೇಶನ್ ಆದಮ್ಯಾಲೆ ಡಾಕ್ಟರು ಹೇಳ್ಯಾರಂತ:
ನೀರಾಗ ನಡೀರಿ, ಬೆಚ್ಚಗಿರಲಿ.
ನಡದಿದ್ರು. ಎದಿಮಟ ನೀರು,
ಈ ದಂಡಿಯಿಂದ ಆ ದಂಡಿಗೆ,
ಬಾಯಾಗ ಎಣಿಕಿ.

ಅಡಗಿಮನ್ಯಾಗ ತಂಗೆವ್ವ. “ನೋಡೋ ತಮ್ಮಾ.”
ಹಂಚಿನ ಮ್ಯಾಲೆ ಜ್ವಾಳದ ರೊಟ್ಟಿ ಸಪ್ಪಗ ಮಲಗಿತ್ತು.
ಕೆಳಗ ಬೆಂಕಿ, ಹಲ್ಲಿಲ್ಲದ ಕೂಸಿನ ನಗಿ.
ಹೊರಗ ಮಕ್ತುಂ ಹೀಟರ್ ಬಂದ್ ಮಾಡಿದ.
ಬೆಂಕಿ ಎದ್ದು ಕುಂತಿತು.
ರೊಟ್ಟಿಯ ಒಂದು ಅಂಚು ಉಸಿರು ಎಳಕೊಂಡಿತು.
“ಹಾಂ!” ಅಂದ್ಲು ತಂಗೆವ್ವ. “ಇದ.”

ಅರ್ಧ ಇಂಚಿನ ಪೈಪು.
ನಾಕು ರೊಟ್ಟಿಗೆ, ಒಂದು ಪಲ್ಲೇಕ್ಕ, ಸಂಜಿ ಚಾಕ್ಕ ಹಾಕಿದ್ದು.
ಯಾವನೋ ಪುಣ್ಯಾತ್ಮ ಅದರ ಕುತ್ತಿಗಿಗೆ ಟೀ ಕೂಡಿಸಿ
ಕೊಳದ ಹೀಟರ್ ಜೋತುಬಿಟ್ಟಾನ.
ಮೂವತ್ತು ಒಲಿ ಉಣ್ಣೂದನ್ನ ಒಂದ ಉಣ್ಣತೈತಿ ಅದು.
ಅದಕ್ಕೂ ಸಾಲವಲ್ದು:
ಕೆಮ್ಮತೈತಿ, ಆರತೈತಿ, ಮತ್ತ ಹತ್ತತೈತಿ.
ಗ್ಯಾಸ್ ಕಣ್ಣಿಗೆ ಕಾಣೂದಿಲ್ಲ, ಖರೆ.
ಆದ್ರ ಅದಕ್ಕೂ ಮೈ ಐತಿ, ಅಗಲ ಬೇಕು,
ಒಂದೊಂದು ತಿರುವಿಗೂ ದಣಿವು ಐತಿ.

ಸಾಹೇಬ್ರು ನೀರಾಗ ನಿಂತ ಕೇಳಿದ್ರು:
“ಪ್ರೆಶರ್ ಏರಿಸಿದ್ರ ಆಗೂದಿಲ್ಲೇನು?”
“ಆಗತೈತ್ರಿ. ತಂಗೆವ್ವನ ಹುಬ್ಬು ಸುಡತೈತಿ.”
ಎಣಿಕಿ ತಪ್ಪಿತು ಅವರದು.
ಮತ್ತ ಒಂದರಿಂದ ಸುರು ಮಾಡಿದ್ರು.

ಮೀಟರಿನಿಂದ ಹೀಟರಿಗೆ ತೊಂಬತ್ತೆರಡು ಫೂಟು.
ಒಂದೂವರಿ ಇಂಚು, ಬ್ಯಾರೆ ಲೈನು,
ಅಡಗಿಮನಿ ತಂಟೆಕ್ಕ ಹೋಗದ್ದು.
ಕೆಂಪು ಮಣ್ಣು ಅಗದ್ವಿ ಮೂರು ದಿನ.
ಪೇರಲ ಗಿಡದ ಬೇರು ಬಳಸಿ ಹ್ವಾದ್ವಿ,
ಎರಡು ಎಲ್ಬೋ ಹೆಚ್ಚಾದ್ವು, ಆಗಲಿ.
ಹಿತ್ತಲ ಮೂಲ್ಯಾಗ ಮಣ್ಣಿನ ಬಣ್ಣ ಬದಲಾತು:
ಗೇಣು ದಪ್ಪ ಬೂದಿ, ಮಸಿ ಹಿಡದ ಮೂರು ಕಲ್ಲು.
ಈ ಬಂಗಲೆ ಏಳೂಕಿಂತ ಮೊದಲು
ಇಲ್ಲೆ ಯಾರೋ ನೀರು ಕಾಸ್ಯಾರ.
ಮಕ್ತುಂ ಕಲ್ಲು ಎತ್ತಿ ಗ್ವಾಡಿಗೆ ಇಟ್ಟ,
ಒಗದಿಲ್ಲ. ಯಾಕಂತ ನಾ ಕೇಳಲಿಲ್ಲ.

ಗಾಳಿ ತುಂಬಿ ಗೇಜ್ ಹಚ್ಚಿದ್ವಿ.
ಸಬಕಾರದ ನೀರು, ಬ್ರಶ್ಶು, ಒಂದೊಂದು ಜಾಯಿಂಟು.
ನಮ್ಮ ಕೆಲಸದಾಗ ಇದೊಂದು ತಮಾಷೆ:
ಅಲ್ಲೆ ಉಬ್ಬಬೇಕು,
ಇಲ್ಲೆ ಉಬ್ಬಬಾರದು.
ಏಳನೇದಕ್ಕ ಕಡ್ಲಿಕಾಳಿನಷ್ಟು ಗುಳ್ಳಿ ಎದ್ದು
ಬಿಸಲಿಗೆ ಬಣ್ಣ ತೋರಿಸಿ ಒಡೀತು.
ಮಕ್ತುಂ ನೆಲ ನೋಡಿದ. ಅದು ಅವನ ಕೈ.
“ಬಿಚ್ಚು,” ಅಂದೆ. ಬಿಚ್ಚಿದ, ಟೇಪ್ ಸುತ್ತಿದ, ಬಿಗದ.
ಮುಳ್ಳು ರಾತ್ರಿಪೂರಾ ಅಲಗಾಡಲಿಲ್ಲ.
ಮಣ್ಣು ಮುಚ್ಚಿದ್ವಿ.

ಮರುದಿನ ಆರಕ್ಕ ಕೊಳದ ಮ್ಯಾಲೆ ಹಬೆ,
ಹೀಟರ್ ಒಂದ ಸವನ ಗುಂಯ್ ಅಂತಿತ್ತು,
ಒಳಗ ಬೆಂಕಿ ನಿಂತಲ್ಲೆ ನಿಂತಿತ್ತು, ನೀಲಿ.
ರೊಟ್ಟಿ ಉಬ್ಬಿತು.
ಒಂದು ಕಡೆ ಒಡದು ಹಬೆ ಚಿಮ್ಮಿ
ತಂಗೆವ್ವನ ಬೆರಳು ಸುಟ್ಟಿತು. ಬೈಕೋತ ನಕ್ಕಳು.
ಪೇಪರಿನಾಗ ಎರಡು ಕಟ್ಟಿ ಕೊಟ್ಟಳು, ಮ್ಯಾಲೆ ಶೇಂಗಾ ಹಿಂಡಿ.

ಇಳಿಜಾರು. ಮಕ್ತುಂನ ಉಡಿಯಾಗ
ವ್ರೆಂಚಿನ ಚೀಲ, ಅದರ ಮ್ಯಾಲೆ ಬಿಸಿ ಪೊಟ್ಟಣ.
ಸರ್ಕಲ್ಲಿಗೆ ಬಂದಾಗ ಅಂದ:
“ಅಣ್ಣಾ, ಆ ಏಳನೇದು.”
“ನೋಡೇವಲ್ಲೋ.”
“ನೋಡೇವಿ.”
ಒಂದು ಬಸ್ಸು ಹೋತು, ಹಾಲಿನ ಗಾಡಿ ಹೋತು.
“ಮಣ್ಣ ಹಸಿ ಐತಿ ಇನ್ನ,” ಅಂದ. “ಲಗೂ ಬರತೈತಿ ತಗದ್ರ.”

ಗಾಡಿ ಹೊಳ್ಳಿಸಿದೆ.